ಗಡಿಯಾರ ಬಿಟ್ಟು ಪರದೆ ನೋಡು: ಮೂಕಿ ಚಿತ್ರೋತ್ಸವದಲ್ಲಿ ಸಬ್‌ಟೈಟಲ್ ಕೆಲಸ

ನನ್ನ ಕಸುಬು ಸಬ್‌ಟೈಟಲ್. ಬೆಂಗಳೂರಿನಲ್ಲಿ ಕೂತು ಚಿತ್ರಗಳಿಗೆ ಇಂಗ್ಲಿಷ್ ಸಾಲುಗಳನ್ನು ಬರೆಯುತ್ತೇನೆ, ಅವನ್ನು ಟೈಮ್‌ಕೋಡಿಗೆ, ಅಂದರೆ ಚಿತ್ರದ ಪ್ರತಿ ಕ್ಷಣಕ್ಕೂ ಇರುವ ಗಂಟೆ-ನಿಮಿಷ-ಸೆಕೆಂಡಿನ ಗುರುತಿಗೆ, ಕೂರಿಸುತ್ತೇನೆ. ಪಾತ್ರ ಬಾಯಿ ತೆರೆದ ಫ್ರೇಮಿಗೆ ಸಾಲು ಬರಬೇಕು, ಮಾತು ಮುಗಿದ ಮೇಲೆ ಹೋಗಬೇಕು. ಒಮ್ಮೆ ಸರಿಯಾಗಿ ಕೂರಿಸಿಬಿಟ್ಟರೆ ಆ ಫೈಲನ್ನು ಯಾವ ಊರಿನ ಥಿಯೇಟರಿನಲ್ಲಿ ಹಾಕಿದರೂ ಅದೇ ಕ್ಷಣಕ್ಕೆ ಬರುತ್ತದೆ. ಈ ಕೆಲಸದಲ್ಲಿ ಗಡಿಯಾರವೇ ಯಜಮಾನ.

ಇಟಲಿಯ ಪೊರ್ದೆನೋನೆಯಲ್ಲಿ ಪ್ರತಿ ಅಕ್ಟೋಬರ್ ನಡೆಯುವ ಮೂಕಿ ಚಿತ್ರೋತ್ಸವದಲ್ಲಿ, ಸಬ್‌ಟೈಟಲ್ ತಂಡದ ಜೊತೆ ಕೆಲಸ ಮಾಡಿದಾಗ ಈ ಯಜಮಾನನನ್ನು ಹೊರಗೆ ಕೂರಿಸಬೇಕಾಯಿತು. ಅಲ್ಲಿ ಕಲಿತದ್ದನ್ನು ನಮ್ಮಲ್ಲಿ ಇದೇ ಕೆಲಸ ಮಾಡುವವರಿಗೆ, ಫಿಲ್ಮ್ ಸೊಸೈಟಿ ನಡೆಸುವವರಿಗೆ ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಮೊದಲು ಊರಿನ ಬಗ್ಗೆ ಎರಡು ಮಾತು. ಪೊರ್ದೆನೋನೆ ದೊಡ್ಡ ಊರಲ್ಲ. ವೆನಿಸ್‌ನಿಂದ ಊದಿನೆ ಕಡೆ ಹೋಗುವ ರೈಲು ಹತ್ತಿದರೆ ದಾರಿಯಲ್ಲಿ ಸಿಗುತ್ತದೆ. ಜಾನೂಸಿ ವಾಷಿಂಗ್ ಮಷಿನ್ ಕಂಪನಿ ಹುಟ್ಟಿದ್ದು ಅಲ್ಲೇ. ಇಷ್ಟು ಸಣ್ಣ ಊರಿಗೆ ಅಮೆರಿಕ, ಜಪಾನ್, ನೆದರ್ಲೆಂಡ್ಸ್‌ನ ಫಿಲ್ಮ್ ಆರ್ಕೈವಿನವರೆಲ್ಲ, ಅಂದರೆ ಹಳೆಯ ಚಿತ್ರಗಳನ್ನು ಕಾಪಾಡಿಡುವ ಸಂಸ್ಥೆಗಳವರೆಲ್ಲ, ಯಾಕೆ ಬರುತ್ತಾರೆ ಎಂದು ಕೇಳಿದರೆ ಊರಿನವರು ಭೂಕಂಪದಿಂದ ಕಥೆ ಶುರುಮಾಡುತ್ತಾರೆ. 1976ರ ಮೇ 6ರಂದು, ಪೊರ್ದೆನೋನೆ ಇರುವ ಫ್ರಿಯೂಲಿ ಸೀಮೆಯಲ್ಲಿ ಭೂಮಿ ನಡುಗಿ ಸುಮಾರು ಸಾವಿರ ಜನ ಸತ್ತರು. ಮನೆ ಕಳೆದುಕೊಂಡು ಡೇರೆಗಳಲ್ಲಿ ಇದ್ದವರಿಗೆ ಜೆನೋವಾದ ಆಂಜೆಲೊ ಹುಮೂದಾ ಎಂಬ ಸಂಗ್ರಾಹಕ ಹಳೆಯ ಚಿತ್ರಗಳನ್ನು ಹೊತ್ತು ತಂದು ತೋರಿಸಿದರು. ಅದರ ಬೆನ್ನಿಗೇ 1977ರಲ್ಲಿ ಅದೇ ಸೀಮೆಯ ಜೆಮೋನಾದಲ್ಲಿ ಫ್ರಿಯೂಲಿ ಸಿನೆತೇಕಾ ಎಂಬ ಆರ್ಕೈವ್ ಹುಟ್ಟಿತು. ಅದೂ ಪೊರ್ದೆನೋನೆಯ ಚಿನೆಮಾಜೆರೊ ಸಂಸ್ಥೆಯೂ ಸೇರಿ 1982ರಲ್ಲಿ ಫ್ರೆಂಚ್ ಹಾಸ್ಯನಟ ಮ್ಯಾಕ್ಸ್ ಲಿಂಡರ್‌ನ ಚಿತ್ರಗಳೊಂದಿಗೆ ಮೊದಲ ಉತ್ಸವ ಮಾಡಿದವು. ಡೇರೆಯಲ್ಲಿ ಕೂತು ಚಿತ್ರ ನೋಡಿದ ಜನರ ಸೀಮೆಯಿಂದ ಇದು ಎದ್ದು ಬಂತು ಎನ್ನುವುದು ನನಗೆ ಇವತ್ತಿಗೂ ದೊಡ್ಡ ವಿಷಯ.

ಈಗ ಕೆಲಸಕ್ಕೆ ಬರುತ್ತೇನೆ. ಉತ್ಸವ ನಡೆಯುವ ತೆಯಾತ್ರೊ ವೆರ್ದಿ ಎಂಬ ಸಭಾಂಗಣದಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಶುರುವಾದ ಪ್ರದರ್ಶನಗಳು ಊಟಕ್ಕೆ, ಕಾಫಿಗೆ ಬಿಡುವು ಕೊಟ್ಟು ಮಧ್ಯರಾತ್ರಿಯ ಹತ್ತಿರದವರೆಗೆ ನಡೆಯುತ್ತವೆ. ಒಂದೇ ದಿನದಲ್ಲಿ 1900ರ ಸುಮಾರಿನ ಒಂದೊಂದು ನಿಮಿಷದ ತುಣುಕುಗಳೂ ಇರುತ್ತವೆ, 1920ರ ದಶಕದ ಎರಡೂವರೆ ಗಂಟೆಯ ಚಿತ್ರವೂ ಇರುತ್ತದೆ. ಮೂಕಿ ಚಿತ್ರದಲ್ಲಿ ಮಾತು ಟೈಟಲ್ ಕಾರ್ಡಿನ ಮೇಲೆ, ಅಂದರೆ ದೃಶ್ಯಗಳ ನಡುವೆ ಪರದೆ ತುಂಬ ಬರುವ ಬರಹದ ಫಲಕದ ಮೇಲೆ, ಅಚ್ಚಾಗಿ ಬರುತ್ತದೆ. ಕಾರ್ಡು ಡಚ್ಚಿನಲ್ಲೋ ಚೆಕ್ ಭಾಷೆಯಲ್ಲೋ ಇದ್ದರೆ ಇಂಗ್ಲಿಷ್ ಮತ್ತು ಇಟಾಲಿಯನ್ ಅನುವಾದ ಚಿತ್ರದ ಕೆಳಗೆ ಬೇರೆಯಾಗಿ ಮೂಡುತ್ತದೆ. ಪ್ರಿಂಟಿನ ಮೇಲೆ, ಅಂದರೆ ಪ್ರೊಜೆಕ್ಟರಿನಲ್ಲಿ ಓಡಿಸುವ ಫಿಲ್ಮಿನ ಪ್ರತಿಯ ಮೇಲೆ, ಒಂದು ಗೀರೂ ಬೀಳಬಾರದಲ್ಲ! ಹಾಗೆ ಮೂಡಿಸಲು ಒಬ್ಬರು ಲ್ಯಾಪ್‌ಟಾಪಿನ ಮುಂದೆ ಕೂತು ಒಂದೊಂದೇ ಸಾಲನ್ನು ಕೀ ಒತ್ತಿ ಬಿಡಬೇಕು, ಮತ್ತೆ ಒತ್ತಿ ತೆಗೆಯಬೇಕು.

ಟೈಮ್‌ಕೋಡ್ ಹಾಕಿ ತಾನಾಗೇ ಓಡುವಂತೆ ಮಾಡಬಾರದೇ? ನಾನೂ ಇದನ್ನೇ ಕೇಳಿದ್ದೆ. ಉತ್ತರ ಲೆಕ್ಕದಲ್ಲಿದೆ. 35 ಎಂಎಂ ಫಿಲ್ಮಿನಲ್ಲಿ ಒಂದು ಅಡಿಗೆ 16 ಫ್ರೇಮು. ಸಾವಿರ ಅಡಿಯ ರೀಲಿಗೆ 16,000 ಫ್ರೇಮು. ಅದನ್ನು ಸೆಕೆಂಡಿಗೆ 24ರಂತೆ ಓಡಿಸಿದರೆ ಹನ್ನೊಂದು ನಿಮಿಷ, 20ರಂತೆ ಓಡಿಸಿದರೆ ಹದಿಮೂರು ನಿಮಿಷ 20 ಸೆಕೆಂಡು, 18ರಂತೆ ಸುಮಾರು ಹದಿನೈದು ನಿಮಿಷ, 16ರಂತೆ ಹದಿನಾರು ನಿಮಿಷ 40 ಸೆಕೆಂಡು. ಮೂಕಿ ಕಾಲದಲ್ಲಿ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಆದ್ದರಿಂದ ‘ಇದೇ ಸರಿಯಾದ ವೇಗ’ ಎಂದು ಡಬ್ಬಿಯ ಮೇಲೆ ಬರೆದಿಟ್ಟವರಿಲ್ಲ. ಆರ್ಕೈವಿನವರು ನೋಡಿ ನಿರ್ಧರಿಸುತ್ತಾರೆ, ಕೆಲವು ಚಿತ್ರಗಳಲ್ಲಿ ರೀಲಿನಿಂದ ರೀಲಿಗೆ ವೇಗ ಬದಲಾಗುತ್ತದೆ, ಪ್ರೊಜೆಕ್ಟರ್ ಕ್ಯಾಬಿನ್ನಿನಲ್ಲಿ ಇರುವವರು ನಡುವೆ ಒಂಚೂರು ತಿದ್ದುವುದೂ ಉಂಟು. ಹದಿನೆಂಟಕ್ಕೂ ಇಪ್ಪತ್ತಕ್ಕೂ ಒಂದೇ ರೀಲಿನಲ್ಲಿ ಒಂದೂವರೆ ನಿಮಿಷದ ಅಂತರ ಬೀಳುತ್ತದೆ. ಇಂಥ ಕಡೆ ಟೈಮ್‌ಕೋಡ್ ಕಟ್ಟಿಕೊಂಡು ಏನು ಮಾಡುವುದು?

ತಂಡದ ಹಿರಿಯಾಕೆ ನನಗೆ ಮೊದಲು ಹೇಳಿದ್ದು ಇಷ್ಟು: “ಗಡಿಯಾರ ಬಿಟ್ಟು ಪರದೆ ನೋಡು. ಕಾರ್ಡ್ ಬಂದ ಮೇಲೆ ಕೀ ಹುಡುಕಿದರೆ ತಡವಾಯಿತು. ಕಾರ್ಡಿಗಿಂತ ಮುಂಚಿನ ಶಾಟ್ ನಿನಗೆ ಬಾಯಿಪಾಠ ಇರಬೇಕು.”

ಬಿಡಬೇಕಾದ ಸಾಲುಗಳ ಅವರ ಪಟ್ಟಿ ನೋಡಿದಾಗ ಆ ಮಾತು ಅರ್ಥವಾಯಿತು. ನನ್ನ ಪಟ್ಟಿಗಳಲ್ಲಿ ಎರಡು ಕಾಲಂ ಇರುತ್ತಿದ್ದವು, ಸಮಯ ಮತ್ತು ಸಾಲು. ಅವರ ಪಟ್ಟಿಯಲ್ಲಿ ಸಮಯವೇ ಇರಲಿಲ್ಲ. ಆ ಜಾಗದಲ್ಲಿ ‘ಮುದುಕ ಟೋಪಿ ತೆಗೆಯುತ್ತಾನೆ’, ‘ಅವಳು ಕಿಟಕಿಯ ಕಡೆ ತಿರುಗಿ ಬಾಯಿ ತೆರೆಯುತ್ತಾಳೆ’, ‘ನೀಲಿ ಹೋಗಿ ಹಳದಿ ಬರುತ್ತದೆ’ ಎಂದೆಲ್ಲ ಇತ್ತು. ಬಣ್ಣದ ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಮೂಕಿ ಚಿತ್ರಗಳೆಂದರೆ ಕಪ್ಪು ಬಿಳುಪು ಎಂದು ತಿಳಿದಿದ್ದೇವೆ, ಆದರೆ ಆ ಕಾಲದ ಬಹಳಷ್ಟು ಪ್ರಿಂಟುಗಳನ್ನು ಬಣ್ಣದಲ್ಲಿ ಅದ್ದುತ್ತಿದ್ದರು. ರಾತ್ರಿಗೆ ನೀಲಿ, ದೀಪದ ಬೆಳಕಿನ ಕೋಣೆಗೆ ಹಳದಿ, ಬೆಂಕಿಗೆ ಕೆಂಪು. ಕೀ ಒತ್ತುವವರಿಗೆ ಈ ಬಣ್ಣ ಬದಲಾವಣೆಗಿಂತ ಒಳ್ಳೆಯ ಸೂಚನೆ ಸಿಗದು.

ಮಾತಿನ ಕಾರ್ಡಿಗೆ ಇನ್ನೊಂದು ಗುರುತಿದೆ. ಪಾತ್ರ ಬಾಯಿ ತೆರೆಯುತ್ತದೆ, ಅರ್ಧ ಮಾತಿನಲ್ಲಿ ಚಿತ್ರ ಕಾರ್ಡಿಗೆ ಹಾರುತ್ತದೆ, ಮತ್ತೆ ಅದೇ ಮುಖಕ್ಕೆ ಬರುತ್ತದೆ. ಬಾಯಿ ತೆರೆದ ಕ್ಷಣಕ್ಕೆ ಬೆರಳು ಸಿದ್ಧವಾಗಬೇಕು. ಹೊಸಬರಿಗೆ ತಪ್ಪಿಹೋಗುವುದು ಕಾರ್ಡುಗಳಲ್ಲ, ಪತ್ರಗಳು. ನಾಯಕಿ ತಂತಿ ಓದುತ್ತಾಳೆ, ಪೊಲೀಸ್ ಅಧಿಕಾರಿ ಪತ್ರಿಕೆಯ ತಲೆಬರಹಕ್ಕೆ ಬೆರಳಿಡುತ್ತಾನೆ, ಅಂಗಡಿಯ ಬಾಗಿಲ ಮೇಲೆ ಬೋರ್ಡು ಕಾಣುತ್ತದೆ. ಅವೂ ಅನುವಾದವಾಗಬೇಕಾದ ಬರಹಗಳೇ. ಅವಕ್ಕೆ ಮುನ್ಸೂಚನೆ ಇರುವುದಿಲ್ಲ, ಬಂದಷ್ಟೇ ಬೇಗ ಹೋಗುತ್ತವೆ. ಕೆಲವು ಹಳೆಯ ನೆಗೆಟಿವ್‌ಗಳಲ್ಲಿ ಕಾರ್ಡುಗಳೇ ಎರಡು ಮೂರು ಫ್ರೇಮಿನಷ್ಟು ಮಾತ್ರ ಇರುತ್ತವೆ. ಪ್ರಿಂಟ್ ತೆಗೆಯುವಾಗ ಅಲ್ಲಿ ಬೇಕಾದಷ್ಟು ಉದ್ದದ ಕಾರ್ಡ್ ಸೇರಿಸಿಕೊಳ್ಳಲಿ ಎಂದು ಬಿಟ್ಟ ಗುರುತು ಅದು. ಉದ್ದ ಮಾಡದೆ ಹಾಗೇ ಬಂದರೆ ಪರದೆಯಲ್ಲಿ ಒಂದು ಮಿಂಚು ಹೊಡೆದಂತೆ ಆಗುತ್ತದೆ, ಅಷ್ಟೇ.

ಒಂದು ಮಧ್ಯಾಹ್ನದ ಪ್ರದರ್ಶನ ನನಗೆ ಇಡೀ ಕೆಲಸವನ್ನು ಕಲಿಸಿತು. ಕೀ ಮುಂದೆ ಆ ಹಿರಿಯಾಕೆ, ಪಕ್ಕದಲ್ಲಿ ಪಟ್ಟಿ ಹಿಡಿದು ನಾನು. ಒಂದು ಆರ್ಕೈವ್ ಕಳಿಸಿದ್ದ ಪಟ್ಟಿಗೂ ಅವರೇ ಕಳಿಸಿದ್ದ ಪ್ರಿಂಟಿಗೂ ತಾಳೆ ಬೀಳಲಿಲ್ಲ. ಎರಡನೇ ರೀಲಿನಲ್ಲಿ ಪಟ್ಟಿಯಲ್ಲಿದ್ದ ಒಂದು ಕಾರ್ಡ್ ಬರಲೇ ಇಲ್ಲ, ಮುಂದಿನ ಎರಡು ಅದಲು ಬದಲಾಗಿ ಬಂದವು. ಇಲ್ಲಿ ಪಟ್ಟಿಯ ಕ್ರಮದಲ್ಲೇ ಒತ್ತುತ್ತ ಹೋದರೆ ಗಂಡನ ಮಾತು ಹೆಂಡತಿಗೆ, ವೈದ್ಯನ ಮಾತು ಕಳ್ಳನಿಗೆ ಸೇರಿ, ರೀಲು ಮುಗಿಯುವವರೆಗೂ ಸರಿಹೋಗುವುದಿಲ್ಲ. ಆಕೆ ಕೂಡಲೇ ಸಾಲನ್ನು ಖಾಲಿ ಮಾಡಿದರು. ಎರಡು ಕಾರ್ಡುಗಳು ಅನುವಾದವಿಲ್ಲದೆ ಹೋದವು. ಆಕೆಯ ಕಣ್ಣು ಪರದೆಯ ಮೇಲೇ ಇತ್ತು. ಮೂರನೆಯದು ಬರುವ ಹೊತ್ತಿಗೆ ಅದರ ಹಿಂದಿನ ಶಾಟ್ ಗುರುತು ಹಿಡಿದು, ಪಟ್ಟಿಯಲ್ಲಿ ಅಲ್ಲಿಗೆ ಹಾರಿ, ಸರಿಯಾದ ಸಾಲನ್ನು ಬಿಟ್ಟರು. ಚಿತ್ರ ಮುಗಿದ ಮೇಲೆ ನನಗೆ ಹೇಳಿದ್ದು: “ಖಾಲಿ ಬಿಟ್ಟರೆ ಪ್ರೇಕ್ಷಕ ಮುಖ ನೋಡಿ ಊಹಿಸುತ್ತಾನೆ. ತಪ್ಪು ಸಾಲು ಕೊಟ್ಟರೆ ಆ ಮುಖವನ್ನೇ ನಂಬುವುದಿಲ್ಲ.”

ನಾನು ಇದನ್ನು ಪೂರ್ತಿ ಒಪ್ಪುತ್ತೇನೆ. ನಮ್ಮ ಕಸುಬಿನಲ್ಲಿ ಸಾಲು ತಪ್ಪಿಹೋಗುವ ಹೆದರಿಕೆ ಎಷ್ಟಿದೆಯೆಂದರೆ, ಏನೋ ಒಂದು ಪರದೆಯ ಮೇಲಿದ್ದರೆ ಸಾಕು ಎನಿಸಿಬಿಡುತ್ತದೆ. ಮೂಕಿ ಚಿತ್ರದ ನಟರು ಮಾತಿಲ್ಲದೆಯೂ ಅರ್ಥವಾಗುವಂತೆ ನಟಿಸಿದ್ದಾರೆ. ಅವರ ಮೇಲೆ ಅಷ್ಟು ಭರವಸೆ ಇಟ್ಟರೆ ಖಾಲಿ ಜಾಗ ಹೆದರಿಸುವುದಿಲ್ಲ.

ಸಂಗೀತದವರಿಂದ ಕಲಿತದ್ದು ಬೇರೆಯೇ ಇದೆ. ಅಲ್ಲಿ ಪ್ರತಿ ಪ್ರದರ್ಶನಕ್ಕೂ ಜೀವಂತ ಸಂಗೀತ. ಹೆಚ್ಚಿನವಕ್ಕೆ ಒಬ್ಬ ಪಿಯಾನೊ ವಾದಕ, ದೊಡ್ಡ ಪ್ರದರ್ಶನಗಳಿಗೆ ವಾದ್ಯವೃಂದ. ಸ್ಟೀಫನ್ ಹಾರ್ನ್ ಅವರಂಥವರು ಪಿಯಾನೊದ ಮುಂದೆ ಕೂತು ನಡುವೆ ಕೊಳಲನ್ನೋ ಅಕಾರ್ಡಿಯನ್ನನ್ನೋ ಕೈಗೆತ್ತಿಕೊಳ್ಳುತ್ತಾರೆ. ಈ ವಾದಕರು ಕೆಲವು ಚಿತ್ರಗಳನ್ನು ಮೊದಲೇ ನೋಡಿರುತ್ತಾರೆ, ಕೆಲವನ್ನು ಪ್ರೇಕ್ಷಕರ ಜೊತೆಯಲ್ಲೇ ಮೊದಲ ಸಲ ನೋಡುತ್ತಾ ನುಡಿಸುತ್ತಾರೆ. ಯಕ್ಷಗಾನದಲ್ಲಿ ಮದ್ದಳೆಯವರು ವೇಷಧಾರಿಯ ಹೆಜ್ಜೆಯ ಮೇಲೆ ಕಣ್ಣಿಟ್ಟೇ ನುಡಿಸುವುದನ್ನು ನೋಡಿ ಬೆಳೆದವನಿಗೆ ಇದು ಹೊಸದೆನಿಸಲಿಲ್ಲ. ಹೊಸದಾಗಿ ಹೊಳೆದದ್ದೆಂದರೆ ನಾವು, ಸಾಲು ಬಿಡುವವರು ಕೂಡ, ಆ ಮೇಳದಲ್ಲೇ ಇದ್ದೇವೆ ಎನ್ನುವುದು. ತಮಾಷೆಯ ಕಾರ್ಡಿಗೆ ಅನುವಾದ ಒಂದು ಸೆಕೆಂಡು ಮುಂಚೆ ಬಿದ್ದರೆ ಅರ್ಧ ಸಭೆ ಮೊದಲೇ ನಗುತ್ತದೆ, ವಾದಕರು ಕಟ್ಟಿಕೊಂಡು ಬಂದ ಲಯ ಒಡೆಯುತ್ತದೆ. ಹಾಗಾಗಿ ಅನುವಾದ ಕಾರ್ಡಿಗಿಂತ ಮುಂಚೆ ಎಂದೂ ಬರಕೂಡದು ಎಂಬುದು ನಮ್ಮ ತಂಡದಲ್ಲಿ ಕಟ್ಟುನಿಟ್ಟು.

ಅನುವಾದದ ಒಂದು ತೊಡಕನ್ನೂ ಹೇಳಬೇಕು. ಆಗ ಒಂದು ಚಿತ್ರ ಬೇರೆ ದೇಶಕ್ಕೆ ಹೋದರೆ ಕಾರ್ಡುಗಳನ್ನು ಕತ್ತರಿಸಿ ಆ ದೇಶದ ಭಾಷೆಯವನ್ನು ಅಂಟಿಸುತ್ತಿದ್ದರು. ಕೊನೆಗೆ ಉಳಿದದ್ದು ಎಷ್ಟೋ ಸಲ ಹೊರಗೆ ಹೋದ ಪ್ರಿಂಟೇ. ಆಮ್‌ಸ್ಟರ್‌ಡ್ಯಾಮ್‌ನ ಐ ಫಿಲ್ಮ್ ಮ್ಯೂಸಿಯಮ್ಮಿನಲ್ಲಿರುವ ಝಾನ್ ದೆಸ್ಮೆಟ್ ಎಂಬ ವಿತರಕನ ಸಂಗ್ರಹದಲ್ಲಿ ಒಂಬೈನೂರಕ್ಕೂ ಹೆಚ್ಚು ಚಿತ್ರಗಳಿವೆ. 2011ರಲ್ಲಿ ಯುನೆಸ್ಕೊ ಅದನ್ನು ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು. ಇಟಲಿಯ, ಫ್ರಾನ್ಸಿನ, ಅಮೆರಿಕದ ಚಿತ್ರಗಳು ಅಲ್ಲಿ ಡಚ್ ಕಾರ್ಡುಗಳ ಜೊತೆ ಉಳಿದಿವೆ, ಪಾತ್ರಗಳ ಹೆಸರೂ ಕೆಲವು ಕಡೆ ಬದಲಾಗಿದೆ. ಅನುವಾದದಲ್ಲಿ ಮೂಲದ ಹೆಸರು ಹಾಕಬೇಕೋ ಕಾರ್ಡಿನಲ್ಲಿ ಇರುವುದನ್ನೋ? ನಾವು ಕಾರ್ಡಿನಲ್ಲಿ ಇರುವುದನ್ನೇ ಕೊಟ್ಟೆವು. ಪ್ರೇಕ್ಷಕನ ಕಣ್ಣಿಗೆ ಎರಡೂ ಒಟ್ಟಿಗೆ ಕಾಣುವಾಗ ಮೇಲೊಂದು ಹೆಸರು ಕೆಳಗೊಂದು ಹೆಸರು ಇದ್ದರೆ ಅವನ ಗಮನ ಅಲ್ಲೇ ಸಿಕ್ಕಿಬೀಳುತ್ತದೆ.

ಇಷ್ಟು ಜತನ ಯಾಕೆ ಎಂದು ಕೇಳುವವರಿಗೆ ಒಂದು ಅಂಕಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 1912ರಿಂದ 1929ರವರೆಗೆ ಅಲ್ಲಿ ತಯಾರಾದ ಸುಮಾರು 11,000 ಪೂರ್ಣಾವಧಿ ಮೂಕಿ ಚಿತ್ರಗಳಲ್ಲಿ, ಮೊದಲು ಬಿಡುಗಡೆಯಾದ ರೂಪದಲ್ಲೇ ಪೂರ್ತಿ ಉಳಿದಿರುವುದು ನೂರಕ್ಕೆ 14. ನಮ್ಮ ದೇಶದ ಸ್ಥಿತಿ ಅದಕ್ಕಿಂತ ಕಠಿಣ. ಸುಮಾರು 1,300 ಮೂಕಿ ಚಿತ್ರಗಳಾದವು ಎನ್ನುತ್ತಾರೆ, ಪೂರ್ತಿಯೋ ತುಣುಕೋ ಸೇರಿ ಉಳಿದಿರುವುದು ಕೆಲವೇ ಡಜನ್. ಇದೇ ಪೊರ್ದೆನೋನೆಯಲ್ಲಿ 1994ರಲ್ಲಿ ಭಾರತದ ಮೂಕಿ ಚಿತ್ರಗಳ ದೊಡ್ಡ ಪ್ರದರ್ಶನವೇ ನಡೆದಿತ್ತು. ಉಳಿದ ಪ್ರಿಂಟುಗಳಲ್ಲಿ ಒಂದೇ ಕಾರ್ಡಿನ ಮೇಲೆ ಎರಡು ಮೂರು ಲಿಪಿ ಒಟ್ಟಿಗೆ ಇರುವುದನ್ನು ನೋಡಬಹುದು; ನಮ್ಮ ಟೆಂಟುಗಳಿಗೆ ಎಂಥೆಂಥ ಜನ ಬರುತ್ತಿದ್ದರು ಎಂಬುದಕ್ಕೆ ಅದೇ ಸಾಕ್ಷಿ. ಇನ್ನು ನಮ್ಮ ಮೊದಲ ಕನ್ನಡ ಟಾಕಿ, 1934ರ ‘ಸತಿ ಸುಲೋಚನ’, ಅದರ ಪ್ರಿಂಟೇ ಉಳಿಯಲಿಲ್ಲ. ಬೇರೆಯವರ ಚಿತ್ರಕ್ಕೆ ಡಚ್ ವಿತರಕನೊಬ್ಬನ ಗೋದಾಮು ಸಿಕ್ಕಿತು, ನಮ್ಮದಕ್ಕೆ ಅಂಥದ್ದೊಂದು ಸಿಗಲಿಲ್ಲ ಎಂಬ ಸಂಕಟ ಆ ಸಭಾಂಗಣದಲ್ಲಿ ಕೂತಾಗ ಮತ್ತೆ ಮತ್ತೆ ಬರುತ್ತಿತ್ತು.

ರಾತ್ರಿಯ ಕೊನೆಯ ಪ್ರದರ್ಶನ ಮುಗಿದ ಮೇಲೂ ತಂಡಕ್ಕೆ ಒಂದು ಕೆಲಸ ಉಳಿದಿರುತ್ತದೆ. ಆ ದಿನದ ಪ್ರತಿ ಪಟ್ಟಿಯಲ್ಲೂ ಪ್ರಿಂಟ್ ಎಲ್ಲಿ ಬೇರೆಯಾಗಿತ್ತು, ಯಾವ ಕಾರ್ಡ್ ಇರಲಿಲ್ಲ, ಯಾವ ವೇಗದಲ್ಲಿ ಓಡಿತು ಎಂದು ತಿದ್ದಿ ಇಡಬೇಕು. ಆಯಾಸದಲ್ಲಿ ಇದನ್ನು ನಾಳೆಗೆ ತಳ್ಳುವ ಆಸೆ ಯಾರಿಗೂ ಆಗುತ್ತದೆ. ಆ ಹಿರಿಯಾಕೆ ಮಾತ್ರ ತಿದ್ದದೆ ಏಳುತ್ತಿರಲಿಲ್ಲ. ಅದೇ ಪ್ರಿಂಟ್ ಇನ್ನೊಂದು ಊರಿಗೆ ಹೋದಾಗ ಅಲ್ಲಿ ಕೀ ಮುಂದೆ ಕೂರುವವರಿಗೆ ಈ ಪಟ್ಟಿ ಸಿಗಲಿ ಎನ್ನುವುದು ಅವರ ಲೆಕ್ಕ.

ಊರಿಗೆ ಬಂದ ಮೇಲೆ ನನ್ನ ಪಟ್ಟಿಗಳಿಗೆ ಮೂರನೇ ಕಾಲಂ ಸೇರಿಸಿದ್ದೇನೆ. ಟೈಮ್‌ಕೋಡ್ ಇದ್ದರೂ ‘ಮುಂಚಿನ ಚಿತ್ರ’ ಎಂಬ ಕಾಲಂ ಇರುತ್ತದೆ. ಥಿಯೇಟರಿನ ಸರ್ವರ್, ಅಂದರೆ ಚಿತ್ರ ಓಡಿಸುವ ಕಂಪ್ಯೂಟರ್, ಸಬ್‌ಟೈಟಲ್ ಫೈಲನ್ನು ಎತ್ತಿಕೊಳ್ಳದೆ ಕೈಯಿಂದ ಬಿಡಬೇಕಾದ ಪ್ರಸಂಗ ಚಿತ್ರೋತ್ಸವಗಳಲ್ಲಿ ಬಂದೇ ಬರುತ್ತದೆ, ಆಗ ಈ ಕಾಲಂ ಒಂದೇ ಆಸರೆ. ನನ್ನ ಜೊತೆ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಚಿತ್ರವನ್ನು ಮೊದಲು ಶಬ್ದ ತೆಗೆದು ತೋರಿಸುತ್ತೇನೆ, ಪ್ರತಿ ಮಾತಿಗೂ ಮುಂಚೆ ಏನು ಕಾಣುತ್ತದೆ ಎಂದು ಬರೆಸುತ್ತೇನೆ, ಆಮೇಲೆ ಶಬ್ದ. ನಿಮ್ಮ ಊರಿನ ಫಿಲ್ಮ್ ಸೊಸೈಟಿ ಮೂಕಿ ಚಿತ್ರ ತೋರಿಸಿ ಕನ್ನಡದಲ್ಲಿ ಸಾಲು ಬಿಡಬೇಕೆಂದಿದ್ದರೆ ಪಟ್ಟಿಯ ನಮೂನೆ ನನ್ನಲ್ಲಿದೆ, ಕೇಳಿ, ಕಳಿಸಿಕೊಡುತ್ತೇನೆ.