ಪೈಥಾನ್ ಕಲಿಯುವವರಿಗೆ ಮೊದಲ ದಿನ ಹೇಳಬೇಕಾದದ್ದು

ಶಿವಮೊಗ್ಗದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುವುದು ನನ್ನ ಕೆಲಸ. ತೀರ್ಥಹಳ್ಳಿ, ಹೊಸನಗರ, ರಿಪ್ಪನ್‌ಪೇಟೆ ಕಡೆಯಿಂದ ಬೆಳಿಗ್ಗೆಯ ಬಸ್ಸಿಗೆ ಬರುವ ಮಕ್ಕಳೇ ಹೆಚ್ಚು. ಲೂಪು, ಫಂಕ್ಷನ್ನು ಅವರಿಗೆ ಅಷ್ಟೇನೂ ಕಷ್ಟವಾಗುವುದಿಲ್ಲ. ಎಡವುವುದು ಅದಕ್ಕಿಂತ ಮೊದಲೇ: ಯಾವ ವಿಂಡೋದಲ್ಲಿ ಏನು ಬರೆಯಬೇಕು ಎಂಬಲ್ಲಿ.

ಪೈಥಾನ್ ಬರೆದು ಓಡಿಸಲು ಐಡಲ್ ಎಂಬ ತಂತ್ರಾಂಶವಿದೆ. ಅದರ ಶೆಲ್ಲು ಎಂದರೆ ಒಂದು ಸಾಲು ಬರೆದು ಎಂಟರ್ ಒತ್ತಿದ ಕೂಡಲೇ ಅದನ್ನು ಓಡಿಸುವ ವಿಂಡೋ. ಅಡಿಕೆ ಬೆಳೆಗಾರರ ಮನೆಯ ಹುಡುಗನೊಬ್ಬ ಆ ಶೆಲ್ಲಿನಲ್ಲಿ ಲೆಕ್ಕ ಮಾಡಿದ್ದ. ತೂಕ = 3.5, ದರ = 48000, ಆಮೇಲೆ ತೂಕ * ದರ. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು, ಮಕ್ಕಳಿಗೆ ಅದೊಂದು ಖುಷಿ. 168000.0 ಎಂದು ಉತ್ತರವೂ ಬಂತು. ಸೇವ್ ಮಾಡಿ ಮನೆಗೆ ಹೋದ. ಮರುದಿನ ಅದೇ ಫೈಲ್ ತೆರೆದು ಓಡಿಸಲು ಎಫ್5 ಒತ್ತಿದರೆ ಸಿಂಟ್ಯಾಕ್ಸ್ ಎರರ್, ಅಂದರೆ ಬರೆದ ರೀತಿ ಪೈಥಾನಿಗೆ ಅರ್ಥವಾಗಲಿಲ್ಲ ಎಂಬ ದೂರು. "ನಿನ್ನೆ ಸರಿಯಾಗಿತ್ತಲ್ಲ ಸರ್?"

ಸರಿಯಾಗಿಯೇ ಇತ್ತು. ಆದರೆ ಅವನು ಉಳಿಸಿದ್ದು ಪ್ರೋಗ್ರಾಂ ಆಗಿರಲಿಲ್ಲ, ಶೆಲ್ಲಿನಲ್ಲಿ ನಡೆದ ಅಷ್ಟೂ ಮಾತುಕತೆ. ಮೇಲೆ ಪೈಥಾನ್ ಆವೃತ್ತಿಯ ಸಾಲು, ನಡುವೆ >>> ಗುರುತುಗಳು, ಕೆಳಗೆ ಉತ್ತರ, ಎಲ್ಲವೂ ಫೈಲಿನೊಳಗೆ ಕೂತಿದ್ದವು. ಪೈಥಾನ್ ಮೊದಲ ಸಾಲಿಗೇ ಮುಗ್ಗರಿಸಿತು. "ನ್ಯೂ ಫೈಲ್ ತೆಗಿ ಮಾರಾಯ, ನೀನು ಬರೆದ ಮೂರು ಸಾಲು ಮಾತ್ರ ಹಾಕು" ಎಂದೆ. ಹಾಕಿದ, ಓಡಿಸಿದ. ಈ ಸಲ ಎರರ್ ಇಲ್ಲ, ಉತ್ತರವೂ ಇಲ್ಲ! ತೂಕ * ದರ ಎಂಬಂಥ ಲೆಕ್ಕ ಬರೆದರೆ ಶೆಲ್ಲು ಅದರ ಬೆಲೆಯನ್ನು ತಾನಾಗಿಯೇ ತೋರಿಸುತ್ತದೆ. ಫೈಲಿನಲ್ಲಿದ್ದರೆ ಪ್ರಿಂಟ್ ಎಂದು ಹೇಳಿಯೇ ತೋರಿಸಬೇಕು. ಇದು ಕೈಯಾರೆ ಮಾಡಿ ನೋಡಿದ ಮೇಲೆಯೇ ತಲೆಗೆ ಹೋಗುವುದು.

ಇನ್ನೊಂದು ತೊಡಕು ಕಮಾಂಡ್ ಪ್ರಾಂಪ್ಟಿನದು, ಅಂದರೆ ವಿಂಡೋಸ್‌ಗೆ ಆಜ್ಞೆಗಳನ್ನು ಬರೆದು ಕೊಡುವ ವಿಂಡೋದ್ದು. ಸಾಲಿನ ತುದಿಯಲ್ಲಿ ಫೋಲ್ಡರಿನ ಹೆಸರೂ ಒಂದೇ ಒಂದು > ಗುರುತೂ ಇದ್ದರೆ ಅಲ್ಲಿ ಕೇಳಿಸಿಕೊಳ್ಳುವುದು ವಿಂಡೋಸ್. ಪೈಥಾನ್ ಎಂದು ಬರೆದು ಮುಂದೆ ಫೈಲಿನ ಹೆಸರು ಕೊಡುವುದು ಅಲ್ಲಿ. >>> ಕಂಡರೆ ಆಗಲೇ ಪೈಥಾನಿನೊಳಗೆ ಬಂದಾಯಿತು. ಅಲ್ಲಿ ನಿಂತು ಮತ್ತೆ ಅದೇ ಆಜ್ಞೆ ಕೊಟ್ಟರೆ ಸಿಂಟ್ಯಾಕ್ಸ್ ಎರರ್ ಗ್ಯಾರಂಟಿ. ಹೊರಬರಲು ಎಕ್ಸಿಟ್ ಎಂದು ಬರೆದು ಖಾಲಿ ಆವರಣ ಹಾಕಬೇಕು. 2024ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.13ರಿಂದ ಆವರಣವಿಲ್ಲದೆಯೂ ನಡೆಯುತ್ತದೆ.

ಹಾಗಾಗಿ ಯಾರು ಎರರ್ ಎಂದು ಕೈಯೆತ್ತಿದರೂ ನಾನು ಕೋಡ್ ಓದುವ ಮೊದಲು ಕೇಳುವುದು, "ಕರ್ಸರ್ ಎಡಕ್ಕೆ ಏನಿದೆ?" ಎಷ್ಟೋ ಸಲ ಅದನ್ನು ನೋಡುತ್ತಿದ್ದಂತೆ ಅವರೇ ಸರಿಮಾಡಿಕೊಳ್ಳುತ್ತಾರೆ.

ಮಳೆಗಾಲದಲ್ಲಿ ಶೆಲ್ಲಿಗೂ ಫೈಲಿಗೂ ಇರುವ ವ್ಯತ್ಯಾಸ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಶೆಲ್ಲಿನಲ್ಲಿ ಕಟ್ಟಿಕೊಂಡ ಹೆಸರುಗಳೆಲ್ಲ ಹೋದವು, ಅವು ಇದ್ದದ್ದು ಮೆಮೊರಿಯಲ್ಲಿ ಮಾತ್ರ. ಸೇವ್ ಮಾಡಿದ ಫೈಲು ಉಳಿಯುತ್ತದೆ. ಶೆಲ್ಲನ್ನು ಬಿಟ್ಟುಬಿಡಿ ಎಂದಲ್ಲ. ಒಂದು ಸಾಲು ಪರೀಕ್ಷಿಸಲು, ಹೆಲ್ಪ್ ಕೇಳಲು ಅದಕ್ಕಿಂತ ಒಳ್ಳೆಯದಿಲ್ಲ.

ವಿಎಸ್ ಕೋಡ್ ಯಾವಾಗ ಎಂದು ಎಲ್ಲರೂ ಕೇಳುತ್ತಾರೆ. ಅದು ಬರೆಯುವ ಜಾಗ. ಪೈಥಾನನ್ನು ಬೇರೆಯಾಗಿಯೇ ಹಾಕಿಕೊಳ್ಳಬೇಕು, ಎರಡು ಆವೃತ್ತಿ ಇದ್ದರೆ ಯಾವುದು ಎಂದು ಆರಿಸಿಯೂ ಕೊಡಬೇಕು. ಐಡಲ್ ಪೈಥಾನಿನ ಜೊತೆಗೇ ಬರುತ್ತದೆ. ಶೆಲ್ಲು ಯಾವುದು, ಫೈಲು ಯಾವುದು ಎಂದು ಗೊಂದಲವಿಲ್ಲದೆ ತೋರಿಸುವವರೆಗೆ ನನ್ನ ಮಕ್ಕಳು ಐಡಲ್‌ನಲ್ಲೇ ಇರುತ್ತಾರೆ.