ಸಭೆಯ ಲೆಕ್ಕ ಬರೆಯುವವರಿಗೂ ಪ್ರಾರ್ಥನೆ ಮಾಡಿ

ನಾನು ಕನ್ನಡ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯೊಂದರಲ್ಲಿ ಸಭಾಪಾಲಕ, ಅಂದರೆ ಪಾದ್ರಿ. ಯುವಕರು ನನ್ನ ಬಳಿ ಬಂದು ಹೆಚ್ಚಾಗಿ ಕೇಳುವ ಪ್ರಶ್ನೆ, "ಅಯ್ಯನವರೇ, ನನಗಿರುವ ವರ ಯಾವುದು?" ಅಂತ. ವರ ಅಂದರೆ ಸೇವೆಗಾಗಿ ಪವಿತ್ರಾತ್ಮ ಕೊಡುವ ಸಾಮರ್ಥ್ಯ. ಈಗೀಗ ಮೊಬೈಲಿನಲ್ಲಿ ಪ್ರಶ್ನೆಪಟ್ಟಿ ತುಂಬಿ, ಬಂದ ಉತ್ತರವನ್ನೂ ತೋರಿಸುತ್ತಾರೆ. ನಾನು ತಕ್ಷಣ ಏನೂ ಹೇಳುವುದಿಲ್ಲ. ಮನೆ ಭೇಟಿಗೆ, ಆಸ್ಪತ್ರೆಗೆ, ಸಾವಾದ ಮನೆಗೆ ನನ್ನ ಜೊತೆ ಬನ್ನಿ ಅನ್ನುತ್ತೇನೆ. ಪ್ರಸಂಗ (ಆರಾಧನೆಯಲ್ಲಿ ಉಪದೇಶ) ಮಾಡಲೇಬೇಕು ಅಂತ ಆಸೆಯಿದ್ದ ಒಬ್ಬ ಹುಡುಗ ಹಾಗೆ ಬರತೊಡಗಿದ. ಮಗನನ್ನು ಕಳೆದುಕೊಂಡ ತಂದೆಯ ಪಕ್ಕ ಒಂದು ಮಾತೂ ಆಡದೆ ಕೂತಿರುತ್ತಿದ್ದ, ಸಮಾಧಿಯ ಕಾಗದಪತ್ರಕ್ಕೆ ಓಡಾಡುತ್ತಿದ್ದ. ಆಮೇಲೆ ಕಷ್ಟ ಬಂದ ಮನೆಯವರೆಲ್ಲ ಅವನನ್ನೇ ಕೇಳತೊಡಗಿದರು. ಅವನ ವರ ಯಾವುದು ಅಂತ ಸಭೆಯೇ ಹೇಳಿತು, ಅಲ್ವಾ?

ಅಪೊಸ್ತಲ ಪೌಲ ಕೊರಿಂಥ ಪಟ್ಟಣದ ಸಭೆಗೆ ಬರೆದ, ಬೈಬಲಿನಲ್ಲಿರುವ ಮೊದಲ ಪತ್ರದಲ್ಲಿ ಹೇಳಿದ್ದೂ ಇದನ್ನೇ. ನಾನು ಪೌಲನವನು, ನಾನು (ಇನ್ನೊಬ್ಬ ಬೋಧಕನಾದ) ಅಪೊಲ್ಲೋಸನವನು ಅಂತ ಗುಂಪು ಕಟ್ಟಿಕೊಂಡಿದ್ದ ಸಭೆ ಅದು. ವರಗಳನ್ನು ಕೊಟ್ಟಿರುವುದು ಎಲ್ಲರ ಪ್ರಯೋಜನಕ್ಕೆ ಅನ್ನುತ್ತಾನೆ. ಆ ಪತ್ರದ 12ನೇ ಅಧ್ಯಾಯದ 28ನೇ ವಚನ ನೋಡಿ: ರೋಗ ವಾಸಿಮಾಡುವ ವರ, ಅನ್ಯಭಾಷೆಯ ವರ ಇರುವ ಸಾಲಿನಲ್ಲೇ ಸಹಾಯ ಮಾಡುವವರೂ ಕೆಲಸ ನಿರ್ವಹಿಸುವವರೂ ಇದ್ದಾರೆ. ನಾವು ಈ ಇಬ್ಬರನ್ನು ಸುಮ್ನೆ ದಾಟಿ ಹೋಗುತ್ತೇವೆ.

ಅನ್ಯಭಾಷೆಯ, ಅಂದರೆ ಪ್ರಾರ್ಥನೆಯಲ್ಲಿ ಕೇಳುವವರಿಗೆ ಅರ್ಥವಾಗದ ಭಾಷೆಯಲ್ಲಿ ಮಾತಾಡುವ ವಿಷಯ ನಮ್ಮಲ್ಲೂ ಬಿಸಿಯಾಗಿತ್ತು. ಕೆಲವು ಯುವಕರಿಗೆ ಅದೇ ಪವಿತ್ರಾತ್ಮನ ಗುರುತು, ಹಿರಿಯರಿಗೆ ಆರಾಧನೆಯ ಪುಸ್ತಕ ಬಿಟ್ಟರೆ ಎಲ್ಲವೂ ಗದ್ದಲ. ಇಬ್ಬರನ್ನೂ ಕೂರಿಸಿ 14ನೇ ಅಧ್ಯಾಯ ಓದಿಸಿದೆವು. ಇಬ್ಬರು, ಹೆಚ್ಚೆಂದರೆ ಮೂವರು, ಒಬ್ಬರಾದ ಮೇಲೆ ಒಬ್ಬರು ಮಾತಾಡಲಿ, ಒಬ್ಬರು ಅರ್ಥ ಹೇಳಲಿ. ಅರ್ಥ ಹೇಳುವವರು ಇಲ್ಲದಿದ್ದರೆ ಸಭೆಯಲ್ಲಿ ಸುಮ್ಮನಿರಲಿ. ಅದೇ ಅಧ್ಯಾಯದ ಕೊನೆಯಲ್ಲಿ ಅನ್ಯಭಾಷೆಯನ್ನು ತಡೆಯಬೇಡಿ ಅಂತಲೂ ಇದೆ. ಭಾನುವಾರದ ಕ್ರಮ ಹಾಗೇ ಇರಲಿ, ಶುಕ್ರವಾರದ ಪ್ರಾರ್ಥನಾ ಕೂಟ ಈ ನಿಯಮದಂತೆ ನಡೆಯಲಿ ಅಂತ ಒಪ್ಪಿದೆವು. ಹಿರಿಯರು ಶುಕ್ರವಾರ ಬರಬೇಕು, ಯುವಕರು ಭಾನುವಾರ ವಾಚನ ಓದಬೇಕು, ಇದು ಷರತ್ತು. ನಾವು ಮದುವೆಗಳಲ್ಲಿ ಓದುವ, ಪ್ರೀತಿಯನ್ನು ಕುರಿತ 13ನೇ ಅಧ್ಯಾಯ ಈ 12 ಮತ್ತು 14ನೇ ಅಧ್ಯಾಯಗಳ ಮಧ್ಯೆಯೇ ಇದೆ. ವರಗಳ ಜಗಳ ನಡೆಯುತ್ತಿದ್ದ ಸಭೆಗೇ ಪೌಲ ಅದನ್ನು ಬರೆದದ್ದು.

ಒಂದೇ ಮೀಟಿಂಗಿನಲ್ಲಿ ಎಲ್ಲ ಸರಿಯಾಗಬೇಕು ಅನ್ನುವ ಕಮಿಟಿಯವರಿಗೆ ನಮ್ಮ ಸಿಎಸ್‌ಐ ಚರಿತ್ರೆ ನೆನಪಿಸುತ್ತೇನೆ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಬೇರೆ ಬೇರೆ ಸಭೆಗಳು ಒಂದಾಗುವ ಐಕ್ಯದ ಮಾತು ಶುರುವಾಯಿತು, ಸಿಎಸ್‌ಐ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನ ಸೇಂಟ್ ಜಾರ್ಜ್ ಕಥೀಡ್ರಲ್‌ನಲ್ಲಿ. ನಡುವೆ 28 ವರ್ಷ. ಆಂಗ್ಲಿಕನ್ನರು ಬಿಷಪ್ ಪದ್ಧತಿ ತಂದರು, ಪ್ರೆಸ್ಬಿಟೇರಿಯನ್ನರಲ್ಲಿ ಹಿರಿಯರ ಆಡಳಿತ ಇತ್ತು, ಕಾಂಗ್ರಿಗೇಷನಲ್ ಸಭೆಗಳಿಗೆ ಸ್ಥಳೀಯ ಸಭೆಯ ಸ್ವಾತಂತ್ರ್ಯ ಮುಖ್ಯ, ಮೆಥಡಿಸ್ಟರು ಸಾಮಾನ್ಯ ವಿಶ್ವಾಸಿಗಳನ್ನೇ ಪ್ರಸಂಗಕ್ಕೆ ನಿಲ್ಲಿಸುತ್ತಿದ್ದರು. ಯಾರಿಗೂ ತಮ್ಮದನ್ನೆಲ್ಲ ಬಿಟ್ಟು ಬನ್ನಿ ಅನ್ನಲಿಲ್ಲ.

ಹೊಸದಾಗಿ ಸೇವೆಗೆ ಬಂದವರಿಗೆ ನಾನು ಹೇಳುವುದು ಇಷ್ಟು. ಭಾನುವಾರ ಶಾಲೆಯ ಶಿಕ್ಷಕರನ್ನು, ಗಾಯನ ತಂಡವನ್ನು ಮುಂದೆ ಕರೆದು ಪ್ರಾರ್ಥನೆ ಮಾಡುತ್ತೀರಿ. ಅದೇ ದಿನ ಖಜಾಂಚಿಯನ್ನೂ ಕರೆಯಿರಿ, ಗಂಟೆ ಬಾರಿಸುವವರನ್ನೂ, ಕಸ ಗುಡಿಸುವ ಅಕ್ಕನನ್ನೂ ಕರೆಯಿರಿ. ನಾವು ಹಾಗೆ ಕರೆಯುವವರೆಗೆ ನಮ್ಮ ಖಜಾಂಚಿಯ ಹೆಸರು ವಾರ್ಷಿಕ ಸಭೆಯಲ್ಲಿ ಲೆಕ್ಕ ಕೇಳುವಾಗ ಮಾತ್ರ ಕೇಳಿಬರುತ್ತಿತ್ತು. ಮುಂದಿನ ಸಲ ನಡೆಯಲಾಗದ ಅಜ್ಜಿಯರನ್ನು ಆಟೋದಲ್ಲಿ ಕರೆತರುವವರನ್ನೂ ಸೇರಿಸುತ್ತಿದ್ದೇವೆ.