ಛತ್ರ ನೋಡೋಕೆ ಹೋಗುವ ಮುಂಚೆ ಒಂದು ನೋಟ್‌ಬುಕ್ ತಗೊಳ್ಳಿ

"ಮದುವೆ ಗೊತ್ತಾಯ್ತು. ಈಗ ಮೊದಲು ಏನು ಮಾಡ್ಬೇಕು?"

ವರ್ಷಕ್ಕೆ ನಾಲ್ಕೈದು ಸಲವಾದರೂ ನನಗೆ ಈ ಪ್ರಶ್ನೆ ಬರುತ್ತದೆ. ಅಕ್ಕನ ಮದುವೆ, ಆಮೇಲೆ ನನ್ನದು, ಆಮೇಲೆ ಚಿಕ್ಕಪ್ಪನ ಇಬ್ಬರು ಮಕ್ಕಳದು. ಎಲ್ಲದರ ಓಡಾಟದಲ್ಲೂ ನಾನಿದ್ದೆ. ಹಾಗಾಗಿ ಆಫೀಸಿನವರು, ನೆಂಟರು, ಹಳೇ ಗೆಳತಿಯರು ನನಗೇ ಫೋನ್ ಮಾಡುತ್ತಾರೆ. ಎಷ್ಟೋ ಸಲ ಆಗಲೇ ಯಾವುದೋ ಛತ್ರದ ಮುಂದೆ ನಿಂತಿರುತ್ತಾರೆ. "ಒಂದೇ ಒಂದು ಭಾನುವಾರ ಖಾಲಿ ಇದೆಯಂತೆ, ಅಡ್ವಾನ್ಸ್ ಕೊಟ್ಟುಬಿಡ್ಲಾ?"

ಕೊಡಬೇಡಿ. ಮನೆಗೆ ಹೋಗಿ. ಒಂದು ನೋಟ್‌ಬುಕ್ ತೆಗೆದುಕೊಂಡು, ಯಾರ್ಯಾರನ್ನು ಕರೆಯುತ್ತೀರಿ ಅಂತ ಕೂತು ಬರೆಯಿರಿ. ನನ್ನ ಉತ್ತರ ಇಷ್ಟೇ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅನ್ನೋದಕ್ಕೆ ಅಕ್ಕನ ಮದುವೆಯ ಕಥೆ ಹೇಳಬೇಕು.

ಆಗಲೂ ಪಟ್ಟಿ ಇತ್ತು. ಅಪ್ಪ ಹಳೇ ಡೈರಿಯೊಂದರಲ್ಲಿ ಬರೆದಿದ್ದರು. ಆದರೆ ಅವರು ಬರೆದದ್ದು ಜನರ ಹೆಸರಲ್ಲ, ಮನೆಗಳ ಹೆಸರು. ಮೇಲಿನ ಮನೆ, ಅಂಗಡಿ ಮನೆ, ತೋಟದ ಮನೆ. ಮುಂದೆ ಲಗ್ನಪತ್ರಿಕೆ ಕೊಟ್ಟಿದ್ದಕ್ಕೆ ಒಂದು ಟಿಕ್. ಕೊನೆಗೆ ಲೆಕ್ಕ ಹಾಕಿದಾಗ 350 ಪತ್ರಿಕೆ. ಸರಿ, ಆರೇಳು ನೂರು ಜನ ಅಂದುಕೊಂಡೆವು. ಒಂದು ಪತ್ರಿಕೆಗೆ ಒಂದು ಮನೆಯಿಂದ ಎಷ್ಟು ಜನ ಬರುತ್ತಾರೆ ಅಂತ ಯಾರೂ ಕೂತು ಎಣಿಸಲಿಲ್ಲ. ಸಾವಿರ ಜನ ಬಂದರು.

ಧಾರೆ ಚೆನ್ನಾಗಿಯೇ ಆಯಿತು. ಊಟದ ಹಾಲ್‌ನಲ್ಲಿ ಎಲ್ಲ ಕೆಟ್ಟಿತು. ಅಲ್ಲಿ ಒಂದು ಪಂಕ್ತಿಗೆ ಹಿಡಿಸುತ್ತಿದ್ದದ್ದು 200 ಜನ. ಎಲೆ ಹಾಕಿ, ನೀರು ಚಿಮುಕಿಸಿ, ಉಪ್ಪಿನಕಾಯಿಯಿಂದ ಹಿಡಿದು ಮಜ್ಜಿಗೆವರೆಗೆ ಬಡಿಸಿ, ಎಲೆ ಎತ್ತಿ, ಟೇಬಲ್ ಒರೆಸಿ ಮುಂದಿನ ಪಂಕ್ತಿ ಕೂರಿಸಲು ಏನಿಲ್ಲವೆಂದರೂ 40 ನಿಮಿಷ ಬೇಕು. ಐದು ಪಂಕ್ತಿ ಅಂದರೆ ಮೂರು ಗಂಟೆ ಇಪ್ಪತ್ತು ನಿಮಿಷ. ಮೂರನೇ ಪಂಕ್ತಿಯ ಹೊತ್ತಿಗೆ ಹೋಳಿಗೆ ಮುಗಿಯಿತು. ಕೂತವರ ಬೆನ್ನ ಹಿಂದೆಯೇ ಮುಂದಿನವರು ಕುರ್ಚಿ ಹಿಡಿದು ನಿಂತಿದ್ದರು. ಹಾಗೆ ನಿಂತವರಲ್ಲಿ ಅಪ್ಪನಿಗೆ ಅಕ್ಷರ ಕಲಿಸಿದ ಮೇಷ್ಟ್ರೂ ಇದ್ದರು. ಎಪ್ಪತ್ತು ದಾಟಿದ ಜೀವ. ಒಂದು ಕೈಯಲ್ಲಿ ಕುರ್ಚಿಯ ಬೆನ್ನು, ಇನ್ನೊಂದರಲ್ಲಿ ತಾಂಬೂಲದ ಚೀಲ. ಒಂದು ಪಂಕ್ತಿ ಎದ್ದಿತು, ಹುಡುಗರು ನುಗ್ಗಿ ಕೂತರು. ಇನ್ನೊಂದು ಎದ್ದಿತು, ಆಗಲೂ ಜಾಗ ಸಿಗಲಿಲ್ಲ. ನಾನು ಆ ಕಡೆಯಿಂದ ಬರುವಷ್ಟರಲ್ಲಿ ಅವರು ಮೆಟ್ಟಿಲಿಳಿದು ಹೋಗಿದ್ದರು. ಊಟ ಮಾಡದೆ. ವಿಷಯ ಗೊತ್ತಾದ ಮೇಲೆ ಅಪ್ಪ ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ.

ಆದ್ದರಿಂದ ಪಟ್ಟಿ ಬರೆಯುವಾಗ ಮನೆ ಎಣಿಸಬೇಡಿ, ತಲೆ ಎಣಿಸಿ. ಎರಡೂ ಕಡೆಯವರು ಒಟ್ಟಿಗೆ ಕೂತು ಬರೆಯಿರಿ. ಪುಟಕ್ಕೆ ಮೂರು ಗೆರೆ ಹಾಕಿಕೊಳ್ಳಿ. ಆರತಕ್ಷತೆಗೆ ಮಾತ್ರ ಬರುವವರು ಯಾರು, ಮುಹೂರ್ತಕ್ಕೆ ಬರುವವರು ಯಾರು, ಹಿಂದಿನ ರಾತ್ರಿ ಉಳಿದುಕೊಳ್ಳುವವರು ಯಾರು. ಬೆಂಗಳೂರು, ಮೈಸೂರು ಕಡೆ ಹಿಂದಿನ ಸಂಜೆಯೇ ಆರತಕ್ಷತೆ ಇಡುವುದು ಜಾಸ್ತಿ. ಆಫೀಸಿನವರೆಲ್ಲ ಆಗಲೇ ಬಂದು ಹೋಗುತ್ತಾರೆ. ಬೆಳಗಿನ ತಿಂಡಿಗೆ ಬೇಕಾದ ಲೆಕ್ಕ ಆ ಮೂರನೇ ಸಾಲಿನಿಂದ ಸಿಗುತ್ತದೆ.

ಇಲ್ಲಿ ಜಗಳ ಆಗುತ್ತದೆ. ಆಗಲಿ ಬಿಡಿ. "ಅವರ ಮನೆ ಮದುವೆಗೆ ನಾವು ಹೋಗಿದ್ವಿ, ಮುಯ್ಯಿ ಮಾಡಿದ್ವಿ, ಕರೆಯದಿದ್ದರೆ ಹೇಗೆ" ಅಂತ ಅಮ್ಮ ಹೇಳುತ್ತಾರೆ. ಆ ಮಾತಿನಲ್ಲಿ ನಿಜವಿದೆ, ತಳ್ಳಿಹಾಕಬೇಡಿ. ನಾನು ಕೇಳುವುದು ಒಂದೇ: ಅವರು ಬಂದರೆ ನಮ್ಮಲ್ಲಿ ಯಾರಾದರೂ ಅವರನ್ನು ಕೂರಿಸಿ ಮಾತಾಡಿಸುತ್ತೀವಾ? ಅಷ್ಟು ಆಗುವುದಾದರೆ ಕರೆಯೋಣ. ಆಗದಿದ್ದರೆ ಮದುವೆ ಮುಗಿದ ಮೇಲೆ ನವದಂಪತಿ ಅವರ ಮನೆಗೇ ಹೋಗಿ ಬರಲಿ.

ಸಂಖ್ಯೆ ಸಿಕ್ಕಿತಾ? ಈಗ ಛತ್ರ ನೋಡಿ. ಎಲ್ಲರೂ ಮೊದಲು ಸ್ಟೇಜ್ ನೋಡುತ್ತಾರೆ. ನೀವು ಸೀದಾ ಊಟದ ಹಾಲ್‌ಗೆ ಹೋಗಿ ಕುರ್ಚಿ ಎಣಿಸಿ. ನಿಮ್ಮ ಜನರನ್ನು ಆ ಸಂಖ್ಯೆಯಿಂದ ಭಾಗಿಸಿ. ಮೂರಕ್ಕಿಂತ ಜಾಸ್ತಿ ಬಂದರೆ ಆ ಛತ್ರ ನಿಮಗೆ ಚಿಕ್ಕದು. ಊಟದ ಹಾಲ್ ಮೇಲಿದ್ದರೂ ಕೆಳಗಿದ್ದರೂ ಲಿಫ್ಟ್ ಇದೆಯಾ, ಅದು ಕೆಲಸ ಮಾಡುತ್ತದಾ ಅಂತ ಹತ್ತಿ ಇಳಿದು ನೋಡಿ. ಬಾಡಿಗೆ ಕೇಳುವಾಗ ಕರೆಂಟು, ಜನರೇಟರ್‌ನ ಡೀಸೆಲ್, ಕ್ಲೀನಿಂಗ್, ಗ್ಯಾಸ್, ಪಾತ್ರೆ, ಜಿಎಸ್‌ಟಿ ಎಲ್ಲ ಸೇರಿ ಎಷ್ಟು ಅಂತ ಕೇಳಿ. ಎಷ್ಟು ಗಂಟೆಗೆ ಖಾಲಿ ಮಾಡಬೇಕು, ಹೊರಗಿನ ಅಡುಗೆಯವರನ್ನು ಮತ್ತು ಡೆಕೋರೇಷನ್‌ನವರನ್ನು ಒಳಗೆ ಬಿಡುತ್ತಾರಾ ಅನ್ನುವುದನ್ನೂ ಕೇಳಿ ಬರೆಸಿಕೊಳ್ಳಿ. ಬಾಯಿ ಮಾತು ಕೊನೇ ದಿನ ನಿಲ್ಲುವುದಿಲ್ಲ.

ಅಡುಗೆಯವರ ಹತ್ತಿರವೂ ಹಾಗೇ. ಎಲೆ ಲೆಕ್ಕದಲ್ಲಿ ಮಾತಾಡಿದರೆ, ಹೇಳಿದ್ದಕ್ಕಿಂತ ಕಡಿಮೆ ಜನ ಬಂದರೂ ಎಷ್ಟು ಎಲೆಗೆ ದುಡ್ಡು ಕೊಡಬೇಕು, ಜಾಸ್ತಿ ಬಂದರೆ ಎಷ್ಟು ಜನರವರೆಗೆ ಸುಧಾರಿಸುತ್ತಾರೆ ಅಂತ ಮೊದಲೇ ಗೊತ್ತಿರಲಿ. ಐಟಂ ಜಾಸ್ತಿ ಮಾಡಬೇಡಿ. ಎರಡು ಪಲ್ಯ, ಕೋಸಂಬರಿ, ತೊವ್ವೆ, ಸಾರು, ಹುಳಿ, ಬಿಸಿ ಹೋಳಿಗೆ, ಮೇಲೆ ತುಪ್ಪ. ಇಷ್ಟನ್ನು ಎರಡನೇ ಸಲ ಕೇಳಿ ಕೇಳಿ ಬಡಿಸಿದರೆ ಜನ ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ಕರ್ನಾಟಕದಲ್ಲಿ 2016ರಿಂದಲೇ ನಿಷೇಧ. ಆದರೂ ಎಷ್ಟೋ ಕಡೆ ಇನ್ನೂ ಕಾಣುತ್ತವೆ. ಬಾಳೆ ಎಲೆ, ಸ್ಟೀಲ್ ಲೋಟ ಅಂತ ಒಪ್ಪಂದದಲ್ಲೇ ಸೇರಿಸಿ.

ಇನ್ನು ಟ್ರೆಂಡ್‌ಗಳ ಬಗ್ಗೆ. ಹಲ್ದಿ, ಮೆಹೆಂದಿ, ಸಂಗೀತ್, ಪ್ರೀ ವೆಡ್ಡಿಂಗ್ ಶೂಟ್, ಡ್ರೋನ್, ಹೊಗೆ, ಸಕಲೇಶಪುರದ ಕಡೆಯ ರೆಸಾರ್ಟ್. ಯಾವುದೂ ತಪ್ಪಲ್ಲ. ಹೆಣ್ಣಿಗೆ ಅರಿಶಿನ ಎಣ್ಣೆ ಹಚ್ಚುವ ಶಾಸ್ತ್ರ ನಮ್ಮಲ್ಲೂ ಇತ್ತಲ್ವಾ? ಅತ್ತೆ, ಚಿಕ್ಕಮ್ಮ, ಅಜ್ಜಿ ಹಾಡು ಹೇಳುತ್ತಾ ಹಚ್ಚುತ್ತಿದ್ದರು. ಅದಕ್ಕೇ ಹಳದಿ ಬಟ್ಟೆ, ಚೆಂಡು ಹೂವು ಸೇರಿಸಿ. ಆದರೆ ಅಜ್ಜಿಯ ಕೈ ಅಲ್ಲಿರಲಿ, ಹಾಡೂ ಇರಲಿ. ಡಿಜೆ ಬೇಕೆನ್ನುವವರು ಒಂದು ನೆನಪಿಟ್ಟುಕೊಳ್ಳಿ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ರೆಸಾರ್ಟ್ ಪಕ್ಕದಲ್ಲೂ ಹಳ್ಳಿ ಇರುತ್ತದೆ, ಅಲ್ಲೂ ಮಕ್ಕಳು ಮಲಗಿರುತ್ತಾರೆ.

ಲೈವ್ ಸ್ಟ್ರೀಮ್ ಮಾತ್ರ ತಪ್ಪದೇ ಮಾಡಿ. ಕೋವಿಡ್ ಕಾಲದಲ್ಲಿ ಎಲ್ಲ ಕಡೆ ಹಬ್ಬಿದ್ದು, ಈಗಲೂ ಅದರಷ್ಟು ಉಪಯೋಗದ್ದು ಇನ್ನೊಂದಿಲ್ಲ. ನನ್ನ ಮದುವೆಯ ದಿನ ಅಮೆರಿಕದಲ್ಲಿದ್ದ ಸೋದರಮಾವ ರಾತ್ರಿ ಎದ್ದು ಕೂತು ಧಾರೆ ನೋಡಿದರು. ಫೋಟೋ ತೆಗೆಯುವವರಿಗೂ ಒಂದು ಮಾತು ಮೊದಲೇ ಹೇಳಿ. ಅಂತರಪಟ ಸರಿಯುವ ಕ್ಷಣ, ಜೀರಿಗೆ ಬೆಲ್ಲ ತಲೆ ಮೇಲೆ ಇಡುವ ಕ್ಷಣ ನೋಡುವುದಕ್ಕೇ ಜನ ಬಂದಿರುತ್ತಾರೆ. ಆಗ ನಾಲ್ಕು ಬೆನ್ನುಗಳು ಅಡ್ಡ ನಿಂತರೆ ಅಕ್ಷತೆ ಹಿಡಿದ ಕೈಗಳಿಗೆ ಕ್ಯಾಮೆರಾದವರ ಅಂಗಿಯೇ ಗತಿ. ಪಕ್ಕದಿಂದ ತೆಗೆಯಲಿ, ಮುಂದಿನ ಸಾಲು ಅಜ್ಜ ಅಜ್ಜಿಯರದು.

ಇಷ್ಟೆಲ್ಲ ಬೇಡ ಅನ್ನಿಸಿದವರಿಗೆ ಕನ್ನಡದಲ್ಲೇ ಒಂದು ದಾರಿ ಇದೆ. ಕುವೆಂಪು ತಮ್ಮ ಮಗ ತೇಜಸ್ವಿಯವರ ಮದುವೆಯನ್ನು 1966ರಲ್ಲಿ ಮಂತ್ರಮಾಂಗಲ್ಯದ ರೀತಿಯಲ್ಲಿ ಮಾಡಿದರು. ಆಡಂಬರವಿಲ್ಲ, ವರದಕ್ಷಿಣೆಯಿಲ್ಲ. ಹಿರಿಯರೊಬ್ಬರು ಮದುವೆಯ ಪ್ರತಿಜ್ಞೆಗಳನ್ನು ಓದಿ ಹೇಳುತ್ತಾರೆ, ಗಂಡು ಹೆಣ್ಣು ಅರ್ಥ ತಿಳಿದು ಒಪ್ಪುತ್ತಾರೆ. ಇವತ್ತಿಗೂ ಎಷ್ಟೋ ಜನ ಹೀಗೆ ಮದುವೆಯಾಗುತ್ತಾರೆ. ನಾನು ಹೋಗಿದ್ದ ಒಂದು ಮಂತ್ರಮಾಂಗಲ್ಯದಲ್ಲಿ ಅರವತ್ತು ಜನರಿದ್ದೆವು, ಆಡಿದ ಒಂದೊಂದು ಮಾತೂ ಹಿಂದಿನ ಸಾಲಿಗೂ ಕೇಳಿಸಿತು.

ಮದುವೆ ಹೇಗೇ ಆಗಲಿ, ನೋಂದಣಿ ಮಾಡಿಸಿ. ಪಾಸ್‌ಪೋರ್ಟ್‌, ವೀಸಾ, ಬ್ಯಾಂಕು ಎಲ್ಲದಕ್ಕೂ ಒಂದಲ್ಲ ಒಂದು ದಿನ ಬೇಕಾಗುತ್ತದೆ. ಹಿಂದೂ ವಿವಾಹ ಕಾಯ್ದೆಯಡಿ ಆದ ಮದುವೆಗೆ ಕರ್ನಾಟಕದಲ್ಲಿ 2024ರಿಂದ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು 30 ದಿನ ಮುಂಚೆ ನೋಟಿಸ್ ಕೊಡಬೇಕು, ಮೂವರು ಸಾಕ್ಷಿ ಬೇಕು. ಆ 30 ದಿನ ಮರೆತು ದಿನಾಂಕ ಗೊತ್ತು ಮಾಡಿಕೊಂಡು ಒದ್ದಾಡಿದವರನ್ನು ನೋಡಿದ್ದೇನೆ.

ದುಡ್ಡಿನ ಮಾತನ್ನು ನಾಚಿಕೆಯಿಲ್ಲದೆ ಆಡಿ. ಮದುವೆ ಖರ್ಚೆಲ್ಲ ಹೆಣ್ಣಿನ ಕಡೆಯವರದೇ ಅನ್ನುವ ರೂಢಿ ನನಗೆ ಖಂಡಿತ ಒಪ್ಪಿಗೆಯಿಲ್ಲ. ಅದೇ ನೋಟ್‌ಬುಕ್‌ನಲ್ಲಿ ಯಾರ ಕಡೆ ಎಷ್ಟು ತಲೆ ಅಂತ ಇದೆಯಲ್ಲ, ಆ ಲೆಕ್ಕದಲ್ಲೇ ಊಟದ ಖರ್ಚು ಹಂಚಿಕೊಳ್ಳಿ. ನನ್ನ ಗಂಡನ ಮನೆಯವರು ಇದನ್ನು ತಾವಾಗಿಯೇ ಹೇಳಿದಾಗ ಅಪ್ಪ ಒಂದು ನಿಮಿಷ ಸುಮ್ನೆ ಕೂತಿದ್ದರು. ಆಮೇಲೆ ಎದ್ದು ಒಳಗೆ ಹೋಗಿ ಅಮ್ಮನಿಗೆ ಇನ್ನೊಂದು ಸಲ ಕಾಫಿ ಮಾಡಲು ಹೇಳಿದರು.

ನಮ್ಮ ಪಟ್ಟಿ 320ಕ್ಕೆ ನಿಂತಿತು. ಊಟದ ಹಾಲ್‌ನಲ್ಲಿ 160 ಕುರ್ಚಿ, ಎರಡೇ ಪಂಕ್ತಿ. ನೋಟ್‌ಬುಕ್‌ನ ಮೊದಲ ಪುಟ ಅಪ್ಪನೇ ಬರೆದರು, ಮೊದಲ ಹೆಸರು ಮೇಷ್ಟ್ರದ್ದು. ಅವತ್ತು ಮೊದಲ ಪಂಕ್ತಿಯಲ್ಲಿ, ಫ್ಯಾನಿನ ಕೆಳಗೆ ಅವರನ್ನು ಕೂರಿಸಿದೆವು. ಅಪ್ಪ ತುಪ್ಪದ ಗಿಂಡಿ ಹಿಡಿದು ಎದುರಿಗೇ ನಿಂತಿದ್ದರು. ಮೇಷ್ಟ್ರು ಅವಸರವಿಲ್ಲದೆ ಊಟ ಮಾಡಿದರು, ಎರಡನೇ ಹೋಳಿಗೆ ತಾವಾಗಿಯೇ ಕೇಳಿ ಹಾಕಿಸಿಕೊಂಡರು.